ಪ್ಲೇಟ್ ಮೇಲೆ ಹಾಕಿಸಿ ಜಿಪ್ಸಿ ಎತ್ತಿಸಿದೆ, ಈಗ ಹೊಂಡಕ್ಕೆ ಬಿದ್ದರೆ ಸ್ಟೇರಿಂಗ್ ತಾನೇ ತಿರುಗುತ್ತದೆ

ಮೂಡಿಗೆರೆ ಜಿಪ್ಸಿ
ಎಲ್ಲರಿಗೂ ನಮಸ್ಕಾರ. ನನ್ನದು 1997ರ ಮಾರುತಿ ಜಿಪ್ಸಿ, 1.3 ಪೆಟ್ರೋಲ್. ತೋಟಕ್ಕೆ ಅಂತಲೇ ಇಟ್ಟುಕೊಂಡ ಗಾಡಿ. ಮಳೆಗಾಲದಲ್ಲಿ ನಮ್ಮ ತೋಟದ ದಾರಿಯಲ್ಲಿ ಟ್ರ್ಯಾಕ್ಟರ್ ಚಕ್ರದ ಜಾಡು ಮೊಣಕಾಲುದ್ದ ಆಗುತ್ತದೆ, ನಡುವಿನ ದಿಬ್ಬ ಗಾಡಿಯ ಹೊಟ್ಟೆಗೆ ಉಜ್ಜುತ್ತದೆ. ಅದಕ್ಕೆ ಹೋದ ತಿಂಗಳು ಒಂದು ಗ್ಯಾರೇಜಿನಲ್ಲಿ ಎತ್ತಿಸಿದೆ. ಆಕ್ಸೆಲ್ ಹೌಸಿಂಗ್ (ಎರಡು ಚಕ್ರಗಳನ್ನು ಸೇರಿಸುವ ಅಡ್ಡ ಕೊಳವೆ) ಕೆಳಗಿದ್ದ, ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪ್ಲೇಟ್‌ಗಳನ್ನು ಹೌಸಿಂಗ್ ಮೇಲೆ ಕೂರಿಸಿದರು. ಸುಮಾರು 5 ಇಂಚು ಮೇಲೆ ಬಂದಿದೆ. ಜೊತೆಗೆ 235/75 ಆರ್15 ಟೈರು.

ತೋಟದ ಒಳಗೆ ಚೆನ್ನಾಗಿದೆ. ಆದರೆ ಮೊನ್ನೆ ಕೊಟ್ಟಿಗೆಹಾರದ ಕಡೆ ಹೋಗುವಾಗ 40ರ ವೇಗದಲ್ಲಿ ಒಂದು ಹೊಂಡಕ್ಕೆ ಬಿತ್ತು. ಸ್ಟೇರಿಂಗ್ ಕೈಯಲ್ಲಿ ತಾನೇ ತಿರುಗಿತು. ಗಾಡಿ ಎದುರು ಸೈಡಿಗೆ ನುಗ್ಗಿತು. ಎದುರಿಗೆ ಯಾರೂ ಇರಲಿಲ್ಲ, ಬದುಕಿದೆ. ಗಟ್ಟಿ ಬ್ರೇಕ್ ಒತ್ತಿದರೂ ಹಾಗೇ ಒಂದು ಕಡೆ ಎಳೆಯುತ್ತದೆ. ನೇರ ಹೋಗುವಾಗಲೂ ಸ್ಟೇರಿಂಗ್ ಸೊಟ್ಟಗೆ ನಿಂತಿರುತ್ತದೆ.

ಇನ್ನೊಂದು ವಿಷಯ. ಎತ್ತಿದ ಮೇಲೆ ಡ್ರ್ಯಾಗ್ ಲಿಂಕ್, ಅಂದರೆ ಸ್ಟೇರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ರಾಡ್, ಪ್ಲೇಟಿಗೆ ತಾಗುತ್ತಿತ್ತಂತೆ. ಅದನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಎರಡು ಕಡೆ ಬಗ್ಗಿಸಿ ಹಾಕಿದ್ದಾರೆ. ಈಗ ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗ್ ನಡುಕ ತಡೆಯುವ ಷಾಕ್ ಅಬ್ಸಾರ್ಬರ್) ಹಾಕಿಸಿದರೆ ಸರಿ ಹೋಗುತ್ತದೆ ಅನ್ನುತ್ತಿದ್ದಾರೆ. ಹೌದಾ?

ಘಾಟಿ ಡ್ರೈವರ್
ಮೊದಲು ಆ ಗಾಡಿಯನ್ನು ರಸ್ತೆಗೆ ಇಳಿಸುವುದನ್ನು ನಿಲ್ಲಿಸಿ ಸಾರ್. ಉಳಿದ ಮಾತು ಆಮೇಲೆ.

ಹಾಸನ ಲೇತ್
ಕಾಯಿಸಿ ಬಗ್ಗಿಸಿದ್ದಾರೆ ಅಂತ ಓದಿ ಮೈ ಜುಮ್ ಅಂತು. 22 ವರ್ಷದಿಂದ ಲೇತ್ ಕೆಲಸ ಮಾಡುತ್ತಿದ್ದೇನೆ. ಸ್ಟೇರಿಂಗ್ ರಾಡ್ ತಂದು "ಸ್ವಲ್ಪ ಬಗ್ಗಿಸಿ ಕೊಡಿ" ಅಂತ ಕೇಳುವವರು ತಿಂಗಳಿಗೆ ಒಬ್ಬರಾದರೂ ಇರುತ್ತಾರೆ. ವಾಪಸ್ ಕಳಿಸುತ್ತೇನೆ.

ಕಬ್ಬಿಣ ಕೆಂಪಗೆ ಕಾದರೆ ಒಳಗಿನ ಹದ ಹೋಗುತ್ತದೆ. ಕಾದಿದ್ದು ಒಂದು ಗೇಣು ಜಾಗ, ಅದರ ಪಕ್ಕದ್ದು ಹಳೆಯ ಹದದಲ್ಲೇ ಇರುತ್ತದೆ. ಆ ಎರಡೂ ಸೇರುವ ಜಾಗದಲ್ಲೇ ಬಿರುಕು ಶುರುವಾಗುವುದು. ನೀರು ಹಾಕಿ ತಣ್ಣಗೆ ಮಾಡಿದ್ದರೆ ಇನ್ನೂ ಕೆಟ್ಟದ್ದು, ಗಾಜಿನ ಹಾಗೆ ಮುರಿಯಬಹುದು. ಸ್ಪ್ರಿಂಗ್ ಪ್ಲೇಟ್ ಮುರಿದರೆ ಗಾಡಿ ನಿಲ್ಲುತ್ತದೆ. ಡ್ರ್ಯಾಗ್ ಲಿಂಕ್ ಮುರಿದರೆ ಸ್ಟೇರಿಂಗ್ ಕೈಯಲ್ಲೇ ಇರುತ್ತದೆ, ಚಕ್ರ ತನ್ನ ದಾರಿಯಲ್ಲಿ ಹೋಗುತ್ತದೆ.

ಕುಶಾಲನಗರ ಫೋರ್ ವೀಲ್
ಅಷ್ಟೊಂದು ಹೆದರಿಸಬೇಡಿ ಗುರು. ಜಿಪ್ಸಿಯಲ್ಲಿ ಪ್ಲೇಟ್ ಮೇಲೆ ಹಾಕಿದವರು ಬಹಳ ಜನ ಬಗ್ಗಿಸಿದ ಲಿಂಕ್‌ನಲ್ಲೇ ಓಡಿಸುತ್ತಾರೆ. ಹೊರದೇಶದಲ್ಲಿ ಇದೇ ಆಕಾರದ ರಾಡ್ ರೆಡಿಯಾಗಿ ಮಾರುತ್ತಾರೆ. ನನ್ನದೂ 6 ವರ್ಷದಿಂದ ಓಡುತ್ತಿದೆ, ಏನೂ ಆಗಿಲ್ಲ. ಬಗ್ಗಿಸುವವರ ಕೈ ಚೆನ್ನಾಗಿರಬೇಕು ಅಷ್ಟೇ.

ಪುಣೆಯಿಂದ ಕನ್ನಡಿಗ
ನಾನು ಗಾಡಿ ತಯಾರಿಕೆಯಲ್ಲಿ ಸಸ್ಪೆನ್ಷನ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಕುಶಾಲನಗರದವರು ಗಟ್ಟಿತನದ ಮಾತಾಡುತ್ತಿದ್ದಾರೆ. ಆದರೆ ಮೂಡಿಗೆರೆಯವರ ತೊಂದರೆ ಅದಲ್ಲ. ರಾಡ್ ಎಷ್ಟೇ ಗಟ್ಟಿ ಇದ್ದರೂ, ಬಗ್ಗಿಸುವುದರಿಂದ ಹೊಂಡದಲ್ಲಿ ಸ್ಟೇರಿಂಗ್ ತಿರುಗುವುದು ನಿಲ್ಲುವುದಿಲ್ಲ.

ಯಾಕೆ ಅಂದರೆ, ಲಿಂಕ್‌ನ ಆಕಾರ ಲೆಕ್ಕಕ್ಕೆ ಬರುವುದಿಲ್ಲ. ಎರಡು ತುದಿಯ ಬಾಲ್ ಜಾಯಿಂಟ್‌ಗಳ ನಡುವೆ ಒಂದು ನೂಲು ಎಳೆದು ಕಟ್ಟಿ. ಆ ನೂಲು ಎಷ್ಟು ಇಳಿಜಾರಾಗಿದೆಯೋ ಅದೇ ನಿಜವಾದ ಲಿಂಕ್. ಮಧ್ಯದಲ್ಲಿ ರಾಡನ್ನು ಹಾವಿನ ಹಾಗೆ ಬಗ್ಗಿಸಿದರೂ ನೂಲಿನ ಇಳಿಜಾರು ಅಷ್ಟೇ ಇರುತ್ತದೆ. ಬಗ್ಗಿಸಿದರೆ ಸಿಗುವುದು ಎರಡೇ: ಪ್ಲೇಟಿಗೆ ತಾಗುವುದಿಲ್ಲ, ಬಾಲ್ ಜಾಯಿಂಟ್ ಓರೆಯಾಗಿ ಸಿಕ್ಕಿಕೊಳ್ಳುವುದಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಲಿಂಕ್ ಉದ್ದ 900 ಮಿ.ಮೀ. ಅಂತ ಇಟ್ಟುಕೊಳ್ಳಿ. ಅದು ನೆಲಕ್ಕೆ ಸಮವಾಗಿದ್ದಾಗ ಹೌಸಿಂಗ್ 50 ಮಿ.ಮೀ. ಮೇಲೆ ಬಂದರೆ ಅಡ್ಡಕ್ಕೆ ಬರುವ ವ್ಯತ್ಯಾಸ ಬರೀ 1.4 ಮಿ.ಮೀ. ಈಗ ಗಾಡಿ 5 ಇಂಚು ಎತ್ತಿದ್ದೀರಿ, ಅಂದರೆ ಲಿಂಕ್‌ನ ಕೆಳತುದಿ ಸುಮಾರು 125 ಮಿ.ಮೀ. ತಗ್ಗಿನಲ್ಲಿದೆ. ಅದೇ 50 ಮಿ.ಮೀ. ಹೊಂಡಕ್ಕೆ ವ್ಯತ್ಯಾಸ 5.6 ಮಿ.ಮೀ. ಆಗುತ್ತದೆ. ನಾಲ್ಕು ಪಟ್ಟು. ನಕಲ್ ಆರ್ಮ್, ಅಂದರೆ ಚಕ್ರವನ್ನು ತಿರುಗಿಸುವ ತೋಳು, 150 ಮಿ.ಮೀ. ಇದ್ದರೆ ಚಕ್ರ 2 ಡಿಗ್ರಿಗಿಂತ ಜಾಸ್ತಿ ತಿರುಗುತ್ತದೆ, ನೀವು ಸ್ಟೇರಿಂಗ್ ಅಲ್ಲಾಡಿಸದೇ ಇದ್ದರೂ. ಜಿಪ್ಸಿಯ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2375 ಮಿ.ಮೀ. ಹಾಗಾಗಿ 2 ಡಿಗ್ರಿ ಅಂದರೆ ಹೆಚ್ಚುಕಮ್ಮಿ 70 ಮೀಟರ್ ತ್ರಿಜ್ಯದ ತಿರುವಿಗೆ ಹೊರಳಿದ ಹಾಗೆ. ಕಿರಿದಾದ ರಸ್ತೆಯಲ್ಲಿ ಎದುರು ಸೈಡಿಗೆ ಹೋಗಲು ಅಷ್ಟು ಸಾಕು.

ಬ್ರೇಕಿನಲ್ಲಿ ಎಳೆಯುವುದಕ್ಕೂ ಇದೇ ಕಾರಣ ಇರಬಹುದು. ಬ್ರೇಕ್ ಒತ್ತಿದಾಗ ಮೂತಿ ತಗ್ಗುತ್ತದೆ, ಪ್ಲೇಟ್ ಒತ್ತಿಕೊಳ್ಳುತ್ತದೆ, ಲಿಂಕ್‌ನ ಮಟ್ಟಿಗೆ ಅದೂ ಒಂದು ಹೊಂಡವೇ. ಸ್ಟೇರಿಂಗ್ ಸೊಟ್ಟಗೆ ನಿಂತಿರುವುದೂ ಅಷ್ಟೇ: ಲಿಂಕ್ ಇಳಿಜಾರಾದ ಮೇಲೆ ಅಡ್ಡಕ್ಕೆ ಅದರ ಅಳತೆ ಗಿಡ್ಡವಾಯಿತು.

ಮೂಡಿಗೆರೆ ಜಿಪ್ಸಿ
ನೂಲಿನ ಮಾತು ಓದಿ ಈಗ ತಾನೇ ಕೆಳಗೆ ಮಲಗಿ ನೋಡಿ ಬಂದೆ. ನಿಜ ಸಾರ್. ನೂಲು ಗುಡ್ಡ ಇಳಿದ ಹಾಗೆ ಇಳಿಯುತ್ತದೆ. ಇಷ್ಟು ದಿನ ಬಗ್ಗಿಸಿದ್ದರಿಂದ ಸರಿಯಾಗಿದೆ ಅಂತಲೇ ಅಂದುಕೊಂಡಿದ್ದೆ.

ಕುಶಾಲನಗರ ಫೋರ್ ವೀಲ್
ಲೆಕ್ಕ ಒಪ್ಪುತ್ತೇನೆ. ಆದರೆ ಪ್ಲೇಟ್ ಸ್ಪ್ರಿಂಗ್‌ನಲ್ಲಿ ಹೌಸಿಂಗ್ ನೇರ ಮೇಲಕ್ಕೆ ಹೋಗುವುದಿಲ್ಲ, ಹಿಂದೆ ಮುಂದೆಯೂ ಸರಿಯುತ್ತದೆ. ಕಾಗದದ ಲೆಕ್ಕ ಬೇರೆ, ಗಾಡಿ ಬೇರೆ.

ಪುಣೆಯಿಂದ ಕನ್ನಡಿಗ
ಸರಿಯುತ್ತದೆ, ಹೌದು. ಅದರಿಂದ ಅಂಕಿ ಸ್ವಲ್ಪ ಬದಲಾಗುತ್ತದೆ, ದಿಕ್ಕು ಬದಲಾಗುವುದಿಲ್ಲ. ನಿಮ್ಮ ಗಾಡಿಯಲ್ಲಿ 6 ವರ್ಷದಲ್ಲಿ ಹೊಂಡಕ್ಕೆ ಬಿದ್ದಾಗ ಸ್ಟೇರಿಂಗ್ ಎಳೆದೇ ಇಲ್ಲವಾ? ನಿಜ ಹೇಳಿ.

ಕುಶಾಲನಗರ ಫೋರ್ ವೀಲ್
ಎಳೆಯುತ್ತದೆ. ಅಭ್ಯಾಸ ಆಗಿದೆ.

ಘಾಟಿ ಡ್ರೈವರ್
ಅದೇ ನೋಡಿ. ನಿಮಗೆ ಅಭ್ಯಾಸ ಆಗಿದೆ. ಒಂದು ದಿನ ಮನೆಯವರು ಓಡಿಸಿದರೆ? ಎದುರಿಂದ ಬರುವ ನನ್ನ ಬಸ್ಸಿಗೆ ಆ ಅಭ್ಯಾಸ ಗೊತ್ತಿಲ್ಲವಲ್ಲ.

ಸೋಮವಾರಪೇಟೆ ತೋಟ
ನಮ್ಮ ಮನೆಯಲ್ಲೂ ಜಿಪ್ಸಿ ಇದೆ. ಓಡಿಸುವವಳು ನಾನೇ, ಕೆಲಸದವರನ್ನು ಕರೆತರುವುದು, ಗೊಬ್ಬರ ಹೊರುವುದು ಎಲ್ಲಾ ಅದರಲ್ಲೇ. ಒಂದು ಪ್ರಶ್ನೆ ಕೇಳಲಾ? ನಿಮಗೆ 5 ಇಂಚು ಬೇಕಿತ್ತಾ?

ಪ್ಲೇಟ್ ಮೇಲೆ ಹಾಕಿದರೆ ಎತ್ತರ ಆಗುವುದು ಚಾಸಿ ಮತ್ತು ಬಾಡಿ. ಹೌಸಿಂಗ್ ನಡುವಿನ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತದೆ. ಅದು ಏಳುವುದು ಟೈರಿನಿಂದ ಮಾತ್ರ. ನಿಮ್ಮ ಹಳೇ 205/70 ಟೈರು ಸುಮಾರು 668 ಮಿ.ಮೀ. ಎತ್ತರ, ಹೊಸದು ಸುಮಾರು 733. ಅದರ ಅರ್ಧ, ಅಂದರೆ 33 ಮಿ.ಮೀ. ಮಾತ್ರ ಗುಂಡು ಮೇಲೆ ಬಂದಿದೆ. ಆಳದ ಜಾಡಿನಲ್ಲಿ ಮೊದಲು ದಿಬ್ಬಕ್ಕೆ ಕೂರುವುದು ಆ ಗುಂಡೇ.

ನಮ್ಮದಕ್ಕೆ 2 ಇಂಚು ಜಾಸ್ತಿ ಬಾಗು ಇರುವ ಪ್ಲೇಟ್ ಹಾಕಿಸಿದೆವು. ಹೌಸಿಂಗ್ ಕೆಳಗೇ. ಲಿಂಕ್ ಮುಟ್ಟಲಿಲ್ಲ, ಉದ್ದ ಮಾತ್ರ ಸರಿಮಾಡಿ ಸ್ಟೇರಿಂಗ್ ನೇರ ಮಾಡಿದೆವು. ಜೊತೆಗೆ ಮಳೆಗಾಲಕ್ಕೆ ಮುಂಚೆ ತೋಟದ ದಾರಿಯ ಜಾಡಿಗೆ ಕಲ್ಲು ತುಂಬಿಸಿದೆವು. ಎರಡು ಲೋಡ್ ಕಲ್ಲು ಮಾಡಿದ ಕೆಲಸವನ್ನು ಯಾವ ಲಿಫ್ಟೂ ಮಾಡುವುದಿಲ್ಲ.

ಮೂಡಿಗೆರೆ ಜಿಪ್ಸಿ
ಮೇಡಂ, ನಿಜ ಹೇಳಬೇಕಂದರೆ 5 ಇಂಚು ಬೇಕು ಅಂತ ನಾನು ಕೇಳಲಿಲ್ಲ. "ಎತ್ತಿ ಕೊಡಿ" ಅಂದೆ. ಅವರು ಇದೇ ಕಮ್ಮಿ ಖರ್ಚಿನ ದಾರಿ ಅಂದರು, ಹೊಸ ಪ್ಲೇಟ್ ಬೇಡ ಅಂತ.

ಬೆಂಗಳೂರು ಟೈರ್
ಟೈರಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. 668ರಿಂದ 733 ಅಂದರೆ ಸುಮಾರು ಶೇ. 10 ದೊಡ್ಡದು. ಸ್ಪೀಡೋಮೀಟರ್ 60 ತೋರಿಸಿದಾಗ ಗಾಡಿ 66ರಲ್ಲಿರುತ್ತದೆ. ನೀವು 40 ಅಂದುಕೊಂಡಿದ್ದು 44. ಓಡಿದ ಕಿಲೋಮೀಟರೂ ಕಮ್ಮಿ ತೋರಿಸುತ್ತದೆ, ಮೈಲೇಜ್ ಲೆಕ್ಕ ಹಾಕುವಾಗ ನೆನಪಿಟ್ಟುಕೊಳ್ಳಿ.

ಚಿಕ್ಕಮಗಳೂರು ಹಳೇ ಜೀಪು
ನನ್ನ ತಂದೆಯ ಹತ್ತಿರ 1965ರ ಮಹೀಂದ್ರಾ ಸಿಜೆ3ಬಿ ಇತ್ತು. ಅದರ ಸ್ಟೇರಿಂಗ್ ಬೇರೆ ರೀತಿ. ಬಾಕ್ಸಿನಿಂದ ಲಿಂಕ್ ಹಿಂದಿನಿಂದ ಮುಂದಕ್ಕೆ ಬರುತ್ತದೆ, ಮುಂದಿನ ಅಡ್ಡಪಟ್ಟಿಯ ಹತ್ತಿರ ಬೆಲ್ ಕ್ರ್ಯಾಂಕ್ ಅಂತ ಒಂದು ಮೂಲೆ ತುಂಡು ಇರುತ್ತದೆ, ಅಲ್ಲಿಂದ ಎರಡೂ ಚಕ್ರಕ್ಕೆ ಬೇರೆ ಬೇರೆ ಟೈ ರಾಡ್. ಆ ಬೆಲ್ ಕ್ರ್ಯಾಂಕ್ ಬುಷ್ ಸವೆದರೆ ಸ್ಟೇರಿಂಗ್ ಕಾಲು ಸುತ್ತು ಸುಮ್ನೆ ತಿರುಗುತ್ತಿತ್ತು. ಅಪ್ಪ ಪ್ರತಿ ಕೊಯ್ಲಿಗೆ ಮುಂಚೆ ಅದನ್ನು ಬಿಚ್ಚಿಸಿ ಬುಷ್ ಬದಲಾಯಿಸುತ್ತಿದ್ದರು. "ಎಂಜಿನ್ ಕೆಟ್ಟರೆ ನಡೆದು ಬರಬಹುದು, ಇದು ಕೆಟ್ಟರೆ ಹೊತ್ತು ತರಬೇಕು" ಅನ್ನುತ್ತಿದ್ದರು.

ಅದೇ ಜೀಪಿಗೆ ನಮ್ಮ ಚಿಕ್ಕಪ್ಪ ಮುಂದೆ ಉದ್ದ ಷ್ಯಾಕಲ್ (ಪ್ಲೇಟಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿಸಿದ್ದರು. ಎರಡು ಇಂಚೂ ಏರಲಿಲ್ಲ. ಆದರೆ ಸ್ಟೇರಿಂಗ್ ತಿರುಗಿಸಿ ಬಿಟ್ಟರೆ ವಾಪಸ್ ಬರುವುದೇ ನಿಂತುಹೋಯಿತು. ಯಾಕೆ ಅಂತ ಆಗ ಯಾರಿಗೂ ಹೊಳೆಯಲಿಲ್ಲ.

ಪುಣೆಯಿಂದ ಕನ್ನಡಿಗ
ಚಿಕ್ಕಮಗಳೂರಿನವರೇ, ಅದು ಕ್ಯಾಸ್ಟರ್. ಆ ಜೀಪಿನಲ್ಲೂ ಜಿಪ್ಸಿಯಲ್ಲೂ ಮುಂದಿನ ಪ್ಲೇಟಿನ ಷ್ಯಾಕಲ್ ಮುಂತುದಿಯಲ್ಲಿದೆ. ಅದನ್ನು ಉದ್ದ ಮಾಡಿದರೆ ಪ್ಲೇಟಿನ ಮುಂತುದಿ ಚಾಸಿಯಿಂದ ಕೆಳಗೆ ಹೋಗುತ್ತದೆ, ಹೌಸಿಂಗ್ ಮುಂದಕ್ಕೆ ವಾಲುತ್ತದೆ. ಕಿಂಗ್‌ಪಿನ್‌ನ (ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕೀಲು) ತಲೆ ಹಿಂದಕ್ಕೆ ಒರಗಿರಬೇಕು, ಸೈಕಲ್ಲಿನ ಮುಂದಿನ ಫೋರ್ಕ್ ಹಾಗೆ. ಆ ಒರಗು ಹೋದರೆ ಚಕ್ರ ತಾನಾಗಿ ನೇರಕ್ಕೆ ಬರುವುದಿಲ್ಲ. ವೇಗದಲ್ಲಿ ನಡುಗಲೂ ಶುರುವಾಗಬಹುದು. ಪ್ಲೇಟಿಗೂ ಹೌಸಿಂಗಿಗೂ ನಡುವೆ ಓರೆ ಶಿಮ್ (ತೆಳು ಲೋಹದ ತುಂಡು) ಕೊಟ್ಟು ಸರಿಮಾಡಬಹುದಿತ್ತು.

ಮೂಡಿಗೆರೆಯವರೂ ಇದನ್ನು ನೋಡಿಸಿ. ಪ್ಲೇಟ್ ಮೇಲೆ ಹಾಕುವಾಗ ಹೌಸಿಂಗ್ ಮೇಲೆ ಪ್ಲೇಟ್ ಕೂರುವ ಹೊಸ ಕುರ್ಚಿ ವೆಲ್ಡ್ ಮಾಡಿರುತ್ತಾರೆ. ಅದು ಯಾವ ಕೋನದಲ್ಲಿ ಕೂತಿದೆಯೋ ಅದೇ ಕ್ಯಾಸ್ಟರ್. ಕಣ್ಣಳತೆಯಲ್ಲಿ ಮಾಡಿದ್ದರೆ ಎಡಕ್ಕೊಂದು ಬಲಕ್ಕೊಂದು ಆಗಿರುತ್ತದೆ.

ವಕೀಲಿಕೆ ಓದು
ಯಾರೂ ಕಾನೂನಿನ ಮಾತೇ ಎತ್ತಲಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ, ಅದು ಕೇರಳದಿಂದ ಹೋದ ಕೇಸು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ ಅಂತ ಬಂತು. ಅಪಘಾತ ಆದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದೇ ಇದನ್ನು.

ಕುಶಾಲನಗರ ಫೋರ್ ವೀಲ್
ತೋಟದ ಒಳಗೆ ಓಡಿಸುವ ಗಾಡಿಗೆ ಯಾವ ಕಾನೂನು ಸ್ವಾಮಿ? ರೈತರ ಕಷ್ಟ ಗೊತ್ತಿಲ್ಲದೆ ಮಾತಾಡಬೇಡಿ.

ವಕೀಲಿಕೆ ಓದು
ನಾನೂ ರೈತರ ಮಗ. ಅವರು ಹೊಂಡಕ್ಕೆ ಬಿದ್ದದ್ದು ಕೊಟ್ಟಿಗೆಹಾರದ ರಸ್ತೆಯಲ್ಲಿ, ತೋಟದಲ್ಲಿ ಅಲ್ಲ. 1997ರ ಗಾಡಿ ಅಂದರೆ ಐದು ವರ್ಷಕ್ಕೊಮ್ಮೆ ಎಫ್‌ಸಿಗೂ (ಫಿಟ್ನೆಸ್ ಪರೀಕ್ಷೆ) ಹೋಗಬೇಕು. ಇದನ್ನು ಕೋಪದಿಂದ ಹೇಳುತ್ತಿಲ್ಲ.

ತುಮಕೂರು ಹುಡುಗ
ಪಿಟ್‌ಮನ್ ಆರ್ಮ್ (ಸ್ಟೇರಿಂಗ್ ಬಾಕ್ಸಿನಿಂದ ಲಿಂಕನ್ನು ಎಳೆಯುವ ತೋಳು) ಕೆಳಕ್ಕೆ ಇಳಿದಿರುವುದು ಸಿಗುತ್ತದಲ್ಲ, ಅದನ್ನು ಹಾಕಿದರೆ ನೂಲು ಸಮ ಆಗುವುದಿಲ್ಲವಾ?

ಹಾಸನ ಲೇತ್
ಸ್ವಲ್ಪ ಸಮ ಆಗುತ್ತದೆ, ಪೂರ್ತಿ ಅಲ್ಲ ತಮ್ಮಾ. 5 ಇಂಚು ಏರಿಸಿ 5 ಇಂಚು ಇಳಿದ ಆರ್ಮ್ ಹಾಕಲು ಆಗುವುದಿಲ್ಲ. ಆರ್ಮ್ ಕೆಳಗಿಳಿದಷ್ಟೂ ಸ್ಟೇರಿಂಗ್ ಬಾಕ್ಸಿನ ಶಾಫ್ಟನ್ನು ಬಗ್ಗಿಸುವ ಭಾರ ಜಾಸ್ತಿ. ಇವರ ಗಾಡಿಗೆ ಪವರ್ ಸ್ಟೇರಿಂಗ್ ಇಲ್ಲ, ಮೇಲೆ ದೊಡ್ಡ ಟೈರು. ಬಾಕ್ಸ್ ಬೇಗ ಸವೆಯುತ್ತದೆ, ಬಾಕ್ಸ್ ಬೋಲ್ಟ್ ಇರುವ ಜಾಗದಲ್ಲಿ ಚಾಸಿ ಸೀಳಿದ್ದನ್ನೂ ನೋಡಿದ್ದೇನೆ.

ಪ್ಲೇಟ್ ಮೇಲೇ ಇರಬೇಕು ಅಂದರೆ ಸರಿಯಾದ ದಾರಿ ಕೆಳತುದಿಯನ್ನು ಮೇಲೆ ತರುವುದು. ನಕಲ್ ಮೇಲೆ ಕಿಂಗ್‌ಪಿನ್ ಮುಚ್ಚಳದ ಬದಲಿಗೆ ಎತ್ತರದ ಆರ್ಮ್ ಕೂರಿಸಿ, ಲಿಂಕನ್ನೂ ಟೈ ರಾಡನ್ನೂ ಪ್ಲೇಟಿನ ಮೇಲಿಂದ ಹಾಯಿಸುವುದು. ಆಗ ಲಿಂಕ್ ನೆಟ್ಟಗೆ, ಹೆಚ್ಚುಕಮ್ಮಿ ಸಮವಾಗಿ ನಿಲ್ಲುತ್ತದೆ. ಆದರೆ ಇದು ಲೇತಿನಲ್ಲಿ ಅಂದಾಜಿಗೆ ಮಾಡುವ ಕೆಲಸ ಅಲ್ಲ. ಆರ್ಮ್ ಒಳ್ಳೆಯ ಉಕ್ಕಿನದ್ದಾಗಬೇಕು, ವೆಲ್ಡ್ ಮಾಡಿದ್ದಲ್ಲ. ಕಿಂಗ್‌ಪಿನ್ ಬೇರಿಂಗ್‌ನ ಬಿಗಿ ಮತ್ತೆ ಶಿಮ್ ಹಾಕಿ ಹೊಂದಿಸಬೇಕು. ಬಾಲ್ ಜಾಯಿಂಟ್ ಕೂರುವ ತೂತು ಟೇಪರ್ (ಒಂದು ಕಡೆಗೆ ಕಿರಿದಾಗುತ್ತಾ ಹೋಗುವುದು) ಇರುತ್ತದೆ. ಡ್ರಿಲ್ ಹೊಡೆದು ನೇರ ತೂತು ಮಾಡಿ ನಟ್ ಬಿಗಿ ಮಾಡಿದರೆ ಒಳಗೆ ಅಲ್ಲಾಡಿ ಅಲ್ಲಾಡಿ ಪಿನ್ ತುಂಡಾಗುತ್ತದೆ. ಟೇಪರ್ ರೀಮರ್ (ಅಂಥ ತೂತು ಕೊರೆಯುವ ಉಪಕರಣ) ಇಲ್ಲದವರ ಹತ್ತಿರ ಈ ಕೆಲಸ ಕೊಡಲೇಬೇಡಿ. ಸ್ಪ್ಲಿಟ್ ಪಿನ್ ಹೊಸದೇ ಹಾಕಿಸಿ.

ಇನ್ನು ಹೊಸ ರಾಡಿಗೆ ನೀರಿನ ಜಿಐ ಪೈಪ್ ತಂದುಕೊಟ್ಟವರೂ ಇದ್ದಾರೆ. ದಪ್ಪ ಗೋಡೆಯ ಸೀಮ್‌ಲೆಸ್ ಪೈಪೇ ಆಗಬೇಕು.

ಮಂಗಳೂರು ಸ್ಪೇರ್ಸ್
ಡ್ಯಾಂಪರ್ ಮಾರುವವನು ನಾನು. ಆದರೂ ಹೇಳುತ್ತೇನೆ, ಇವರಿಗೆ ಡ್ಯಾಂಪರ್ ಬೇಡ ಮಾರಾಯ್ರೆ. ಅದು ನಡುಕವನ್ನು ಹಿಡಿಯುತ್ತದೆ, ಎಳೆತವನ್ನಲ್ಲ. ಸವೆದ ಟೈ ರಾಡ್ ಎಂಡ್, ಸಡಿಲ ಕಿಂಗ್‌ಪಿನ್, ಲೂಸ್ ಯು ಬೋಲ್ಟ್ (ಪ್ಲೇಟನ್ನು ಹೌಸಿಂಗಿಗೆ ಬಿಗಿಯುವುದು), ಎಲ್ಲವನ್ನೂ ಸ್ವಲ್ಪ ದಿನ ಮುಚ್ಚಿಡುತ್ತದೆ. ಆಮೇಲೆ ಒಂದೇ ಸಲ ಹೊರಗೆ ಬರುತ್ತದೆ.

ಗಾಡಿ ನಿಲ್ಲಿಸಿ, ನಾಲ್ಕೂ ಚಕ್ರ ನೆಲದ ಮೇಲಿರಲಿ, ಒಬ್ಬರು ಒಳಗೆ ಕೂತು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಆಡಿಸಲಿ. ಇನ್ನೊಬ್ಬರು ಕೆಳಗೆ ಒಂದೊಂದೇ ಜಾಯಿಂಟಿನ ಮೇಲೆ ಬೆರಳಿಟ್ಟು ನೋಡಲಿ. ಪ್ಲೇ ಇದ್ದರೆ ಬೆರಳಿಗೆ ಟಕ್ ಅಂತ ಸಿಗುತ್ತದೆ.

ಕಾರವಾರ ಮೆಕ್ಯಾನಿಕ್
ಬ್ರೇಕ್ ಹೋಸ್ ಉದ್ದದ್ದು ಹಾಕಿದ್ದಾರಾ? ಚಕ್ರ ಪೂರ್ತಿ ಕೆಳಗೆ ಇಳಿಬಿದ್ದಾಗ ಹಳೇ ಹೋಸ್ ತಂತಿಯ ಹಾಗೆ ಬಿಗಿಯುತ್ತದೆ.

ಮೂಡಿಗೆರೆ ಜಿಪ್ಸಿ
ಹಾಕಿಲ್ಲ ಸಾರ್. ಈಗ ನೋಡಿದೆ, ಹಳೆಯದೇ ಇದೆ.

ಹಾಸನ ಲೇತ್
ಮೂಡಿಗೆರೆಯವರೇ, ಒಂದು ಕೆಲಸ ಮಾಡಿ. ಆ ರಾಡ್ ಬಿಚ್ಚಿ ಡೈ ಪೆನೆಟ್ರೆಂಟ್ (ಬಿರುಕು ತೋರಿಸುವ ಬಣ್ಣ) ಹಾಕಿ ನೋಡಿ. ಮೂರು ಸ್ಪ್ರೇ ಡಬ್ಬಿ ಬರುತ್ತದೆ. ಮೊದಲು ಕ್ಲೀನರ್‌ನಿಂದ ಎಣ್ಣೆ ಕೊಳೆ ತೆಗೆಯಿರಿ. ಕೆಂಪು ಬಣ್ಣ ಹೊಡೆದು ಹತ್ತು ನಿಮಿಷ ಬಿಡಿ. ಒರೆಸಿ, ಬಿಳಿ ಡೆವಲಪರ್ ಹೊಡೆಯಿರಿ. ಬಿರುಕಿದ್ದರೆ ಬಿಳಿ ಮೇಲೆ ಕೆಂಪು ಗೆರೆ ಎದ್ದು ಬರುತ್ತದೆ. ಕುಶಾಲನಗರದವರೂ ಮಾಡಿ ನೋಡಿ. ಆರು ವರ್ಷ ಓಡಿದೆ ಅನ್ನುವುದು ಇವತ್ತು ಗಟ್ಟಿ ಇದೆ ಅನ್ನುವುದಕ್ಕೆ ಸಾಕ್ಷಿ ಅಲ್ಲ.

ಮೂಡಿಗೆರೆ ಜಿಪ್ಸಿ
ನಾಲ್ಕು ದಿನ ಆಯಿತು, ಕ್ಷಮಿಸಿ. ಡಬ್ಬಿ ಸಿಗಲು ಹಾಸನಕ್ಕೆ ಹೋಗಬೇಕಾಯಿತು. ಹಾಗೇ ಲೇತಿನ ಅಣ್ಣನನ್ನೂ ನೋಡಿ ಬಂದೆ, ರಾಡ್ ಅಲ್ಲೇ ಪರೀಕ್ಷೆ ಮಾಡಿದರು.

ಎರಡನೇ ಬಾಗಿನ ಹೊಟ್ಟೆಯಲ್ಲಿ ಕೆಂಪು ಗೆರೆ ಬಂತು. ಉಗುರಿನಷ್ಟು ಉದ್ದ. ಬರಿಗಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಮೇಲೆ ಕಪ್ಪು ಬಣ್ಣ ಹೊಡೆದಿದ್ದರು. ಹಾಕಿ ತಿಂಗಳೂ ಆಗಿಲ್ಲ, ಅಷ್ಟರಲ್ಲೇ. ಹೋದ ಭಾನುವಾರ ಇದೇ ಗಾಡಿಯಲ್ಲಿ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ರಾತ್ರಿ ನಿದ್ದೆ ಬರಲಿಲ್ಲ.

ತೀರ್ಮಾನ ಮಾಡಿದ್ದೇನೆ. ಪ್ಲೇಟ್ ಮತ್ತೆ ಹೌಸಿಂಗ್ ಕೆಳಗೇ ಹೋಗುತ್ತದೆ. ಮೇಲೆ ವೆಲ್ಡ್ ಮಾಡಿದ ಕುರ್ಚಿಗಳನ್ನು ಕತ್ತರಿಸಿ ತೆಗೆಸುತ್ತೇನೆ. ಕಂಪನಿಯ ಅಳತೆಯ ಹೊಸ ಡ್ರ್ಯಾಗ್ ಲಿಂಕ್, ಎರಡು ತುದಿಗೂ ಹೊಸ ಜಾಯಿಂಟ್. ಟೈರು ಹಳೇ ಅಳತೆಗೇ ವಾಪಸ್. ಸೋಮವಾರಪೇಟೆ ಮೇಡಂ ಹೇಳಿದ ಹಾಗೆ ದಾರಿಗೆ ಕಲ್ಲು ಹೊಡೆಸಲು ಟ್ರ್ಯಾಕ್ಟರಿಗೆ ಹೇಳಿದ್ದೇನೆ.

ಘಾಟಿ ಡ್ರೈವರ್
ಒಳ್ಳೆಯದಾಯಿತು ಸಾರ್. ಅಮ್ಮನಿಗೆ ಈಗ ಹೇಗಿದೆ?

ಮೂಡಿಗೆರೆ ಜಿಪ್ಸಿ
ಆರಾಮಾಗಿದ್ದಾರೆ ಅಣ್ಣಾ, ಬಿಪಿ ಚೆಕಪ್ ಅಷ್ಟೇ ಇತ್ತು.

ಕುಶಾಲನಗರ ಫೋರ್ ವೀಲ್
ನಾನೂ ನಿನ್ನೆ ನನ್ನ ರಾಡ್ ಬಿಚ್ಚಿದೆ. ಸ್ಪ್ರೇ ಹೊಡೆದೆ. ಗೆರೆ ಬರಲಿಲ್ಲ. ಆದರೆ ನಕಲ್ ಕಡೆಯ ಬಾಲ್ ಜಾಯಿಂಟ್ ಕೈಯಲ್ಲೇ ಲೊಡ ಲೊಡ ಅನ್ನುತ್ತಿದೆ. ನೂಲು ಕಟ್ಟಿಯೂ ನೋಡಿದೆ, ಪುಣೆಯವರು ಹೇಳಿದ್ದು ಸರಿ. ಎತ್ತರದ ಆರ್ಮ್ ಹಾಕಿಸುವವರೆಗೆ ಗಾಡಿ ಶೆಡ್ಡಿನಲ್ಲೇ ಇರುತ್ತದೆ. ಹಾಸನದ ಅಣ್ಣ, ನಿಮ್ಮ ಹತ್ತಿರ ಟೇಪರ್ ರೀಮರ್ ಇದೆಯಾ?

ಹಾಸನ ಲೇತ್
ಇದೆ. ನಕಲ್ ಬಿಚ್ಚಿಕೊಂಡು ಬನ್ನಿ, ಗಾಡಿ ಓಡಿಸಿಕೊಂಡು ಬರಬೇಡಿ.

ಸೋಮವಾರಪೇಟೆ ತೋಟ
ಮೂಡಿಗೆರೆಯವರೇ, ಪ್ಲೇಟ್ ಕೆಳಗೆ ಹಾಕಿಸುವಾಗ ಹಳೇ ಯು ಬೋಲ್ಟ್ ಮತ್ತೆ ಬಳಸಬೇಡಿ, ಒಂದು ಸಲ ಬಿಗಿಯಾದದ್ದು ಎಳೆದುಕೊಂಡಿರುತ್ತದೆ. ಹೊಸದು ಹಾಕಿಸಿ, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಟೈಟ್ ಮಾಡಿಸಿ. ಕಲ್ಲು ಹೊಡೆಸುವಾಗ ದಪ್ಪದ್ದು ಕೆಳಗೆ, ಸಣ್ಣದು ಮೇಲೆ ಬರಲಿ.